ಒಂದೇ ರಾತ್ರಿ, ಎರಡು ದೆವ್ವ: ಯಾವುದು ನೋಡ್ತೀರಿ?

ದೆವ್ವದ ಕನ್ನಡ ಸಿನಿಮಾ ಒಂದೇ ಒಂದು ನೋಡೋದಾದರೆ? ನನ್ನ ಮಟ್ಟಿಗೆ ಆಯ್ಕೆ 1979ರ 'ನಾ ನಿನ್ನ ಬಿಡಲಾರೆ' ಮತ್ತು 2004ರ 'ಆಪ್ತಮಿತ್ರ' ನಡುವೆ.

ಮೊದಲನೆಯದರಲ್ಲಿ ದೆವ್ವ ನಿಜವಾಗಿಯೂ ಇದೆ. ಕಾಮಿನಿ ಅನ್ನೋ ಹೆಣ್ಣಿನ ಆತ್ಮ ಹಿಡಿಯೋದು ಗಂಡಸನ್ನು. ಅನಂತ್ ನಾಗ್ ಅವರ ಸೌಮ್ಯ ಮುಖದಲ್ಲಿ ಇನ್ಯಾರದೋ ನೋಟ ಕಂಡಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಕೊನೆಗೆ ಕಾಪಾಡೋದು ಮಂತ್ರಾಲಯದ ರಾಯರು. ಭಯ, ಭಕ್ತಿ ಎರಡೂ ಒಂದೇ ಮನೆಯಲ್ಲಿ ಇರುವವರ ಸಿನಿಮಾ ಇದು.

'ಆಪ್ತಮಿತ್ರ' ಪ್ರಶ್ನೆಯನ್ನೇ ತಿರುಗಿಸುತ್ತದೆ. ಗಂಗಾ (ಸೌಂದರ್ಯ) ಮೈಮೇಲೆ ಬರುವ ನಾಗವಲ್ಲಿ ಅನ್ನೋ ನರ್ತಕಿ ನಿಜಕ್ಕೂ ದೆವ್ವವೋ, ಗಂಗಾಳ ಮನಸ್ಸಿನ ಕಾಯಿಲೆಯೋ? ವಿಷ್ಣುವರ್ಧನ್ ಇಲ್ಲಿ ಮನೋವೈದ್ಯ. ಆದರೆ ಗಮನಿಸಿ, ಆ ವೈದ್ಯರೂ ಮಂತ್ರ ಬಲ್ಲ ಆಚಾರ್ಯರನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ! ಕಾಲು ಶತಮಾನ ಕಳೆದರೂ ನಾವು ಪೂಜೆಯನ್ನು ಪೂರ್ತಿ ಬಿಡಲಿಲ್ಲ, ಅಲ್ವಾ? 'ರಾ ರಾ' ಹಾಡಿನಲ್ಲಿ ಸೌಂದರ್ಯ ಅವರ ಕಣ್ಣುಗಳನ್ನೇ ನೋಡಿ. ಚಿತ್ರ ತೆರೆ ಕಾಣುವ ಮೊದಲೇ ಅವರು ತೀರಿಕೊಂಡಿದ್ದರು. ಅದು ಗೊತ್ತಿದ್ದು ನೋಡಿದರೆ ಹೊಟ್ಟೆಯಲ್ಲಿ ಸಂಕಟ.

ಮಕ್ಕಳು, ಅಜ್ಜಿ ಎಲ್ಲ ಸೇರಿ ಕೂತರೆ 'ಆಪ್ತಮಿತ್ರ' ಹಾಕಿ. ನಗುವೂ ಜಾಸ್ತಿ ಇದೆ. ನಿಜಕ್ಕೂ ಹೆದರಬೇಕು ಅಂದರೆ ಹಳೆಯದೇ ಸರಿ, ದೀಪ ಆರಿಸಿ ನೋಡಿ.