ಎರಡು ಬಗೆಯ ಸಂಪ್ರದಾಯವಾದ, ಒಂದು ಆನ್‌ಲೈನ್ ಕೋರ್ಸು

ಬ್ರಿಟನ್ ಮತ್ತು ಅಮೆರಿಕದ ಸಂಪ್ರದಾಯವಾದಿ ಚಿಂತನೆಯನ್ನು ಹದಿನೆಂಟನೆಯ ಶತಮಾನದ ರಾಜಕಾರಣಿ ಎಡ್ಮಂಡ್ ಬರ್ಕ್‌ನಿಂದ 1980ರ ದಶಕದ ಬ್ರಿಟಿಷ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಕಾಲದವರೆಗೆ ಪರಿಚಯಿಸುವ ಹನ್ನೆರಡು ಉಪನ್ಯಾಸಗಳ ಆನ್‌ಲೈನ್ ಕೋರ್ಸು ಇದು. ಹಳೆಯ ಸಂಪ್ರದಾಯವಾದಕ್ಕೂ ಇಂದಿನ ಮುಕ್ತ ಮಾರುಕಟ್ಟೆಯ ಸಂಪ್ರದಾಯವಾದಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದಾಗಿ ಅದರ ಪರಿಚಯ ಪುಟ ಹೇಳುತ್ತದೆ. ರಾಜಕೀಯ ಚಿಂತನೆಯ ಅಧ್ಯಾಪಕರೊಬ್ಬರು ಮತ್ತು ಆರ್ಥಿಕ ಇತಿಹಾಸದ ಅಧ್ಯಾಪಕಿಯೊಬ್ಬರು ಸರದಿಯಂತೆ ಪಾಠ ಮಾಡುತ್ತಾರೆ. ಅಧ್ಯಾಪಕಿಯ ಪಾಠಗಳಿಗಾಗಿ ಈ ಕೋರ್ಸಿಗೆ ಸೇರಬಹುದು. ಅವರ ಸಹೋದ್ಯೋಗಿಯ ಪಾಠಗಳನ್ನು ಮಾತ್ರ ಎಚ್ಚರದಿಂದ ಕೇಳಬೇಕು. ಕಾರಣವಿಷ್ಟೆ: ಮೊದಲು ಪರಂಪರೆಯನ್ನು ನೆಚ್ಚಿದ ಸಂಪ್ರದಾಯವಾದಿಗಳಿದ್ದರು, ಆಮೇಲೆ ಮಾರುಕಟ್ಟೆಯನ್ನು ನೆಚ್ಚಿದವರು ಬಂದು ಅವರ ಜಾಗ ಹಿಡಿದರು ಎಂಬ ಸರಳ ಕಥೆಯನ್ನು ಅಧ್ಯಾಪಕರು ಹೇಳುತ್ತಾರೆ. ಈ ಎರಡು ನಿಲುವುಗಳ ಜಗಳ ಪ್ರತಿ ಕಾಲದಲ್ಲೂ, ಕೆಲವೊಮ್ಮೆ ಒಬ್ಬನೇ ವ್ಯಕ್ತಿಯ ಒಳಗೂ ನಡೆದಿತ್ತು ಎಂಬುದನ್ನು ಅಧ್ಯಾಪಕಿ ದಾಖಲೆಗಳ ಮೂಲಕ ತೋರಿಸುತ್ತಾರೆ.

ಬರ್ಕ್‌ನ ವಿಷಯದಲ್ಲೇ ಇದು ಕಾಣುತ್ತದೆ. ಮೊದಲ ಉಪನ್ಯಾಸದಲ್ಲಿ ನಮಗೆ ಸಿಗುವವನು ಪಠ್ಯಪುಸ್ತಕದ ಬರ್ಕ್: 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ ಬರೆದವನು, ಸಮಾಜವೆಂದರೆ ಬದುಕಿರುವವರ ನಡುವಿನ ಒಪ್ಪಂದ ಮಾತ್ರವಲ್ಲ, ಸತ್ತವರು ಹಾಗೂ ಇನ್ನೂ ಹುಟ್ಟದವರೂ ಸೇರಿದ ಪಾಲುದಾರಿಕೆ ಎಂದವನು, ಲೆಕ್ಕ ಹಾಕುವ ಅರ್ಥಶಾಸ್ತ್ರಜ್ಞರ ಯುಗ ಬಂದಿತಲ್ಲ ಎಂದು ಮರುಗಿದವನು. ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡನೆಯ ಉಪನ್ಯಾಸದಲ್ಲಿ ಅಧ್ಯಾಪಕಿ ಕೈಗೆತ್ತಿಕೊಳ್ಳುವುದು ಅದೇ ಬರ್ಕ್ 1795ರ ಧಾನ್ಯದ ಅಭಾವದ ಸಮಯದಲ್ಲಿ ಪ್ರಧಾನಿ ಪಿಟ್‌ಗಾಗಿ ಬರೆದ, ಬರ್ಕ್ ತೀರಿಕೊಂಡ ಮೇಲೆ 1800ರಲ್ಲಿ ಅಚ್ಚಾದ ಟಿಪ್ಪಣಿಯನ್ನು. ಕೂಲಿಯ ದರವನ್ನಾಗಲಿ ಧಾನ್ಯದ ಬೆಲೆಯನ್ನಾಗಲಿ ಸರ್ಕಾರ ಗೊತ್ತುಮಾಡಕೂಡದು, ವಾಣಿಜ್ಯದ ನಿಯಮಗಳು ನಿಸರ್ಗದ ನಿಯಮಗಳು, ಆದ್ದರಿಂದ ದೇವರ ನಿಯಮಗಳೂ ಹೌದು ಎನ್ನುವ ಈ ಬರಹವನ್ನು ಹೆಸರು ಮರೆಮಾಡಿ ಓದಿಸಿದರೆ ಇದು ಇಪ್ಪತ್ತನೆಯ ಶತಮಾನದ ಯಾವುದೋ ಮಾರುಕಟ್ಟೆವಾದಿಯದ್ದೆಂದೇ ಹೆಚ್ಚಿನವರು ಹೇಳುತ್ತಾರೆ. ಪುರಾತನ ಸಂಸ್ಥೆಗಳನ್ನು ಮುಟ್ಟಬೇಡಿ ಎಂದ ಕೈಯೇ ಹಸಿದವನ ಕೂಲಿಯ ಗೊಡವೆಗೂ ಹೋಗಬೇಡಿ ಎಂದು ಬರೆದಿತ್ತು.

ಇಲ್ಲಿ ಕೋರ್ಸು ಒಂದು ಅವಕಾಶವನ್ನು ಕೈಬಿಟ್ಟಿದೆ. ಬರ್ಕ್ ತನ್ನ ಸಾರ್ವಜನಿಕ ಜೀವನದ ಹಲವು ವರ್ಷಗಳ ಶ್ರಮವನ್ನು ಸುರಿದದ್ದು ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮಹಾಭಿಯೋಗಕ್ಕೆ. 1788ರಲ್ಲಿ ಆರಂಭವಾದ ಆ ವಿಚಾರಣೆ 1795ರಲ್ಲಿ ಹೇಸ್ಟಿಂಗ್ಸ್‌ನ ಬಿಡುಗಡೆಯೊಂದಿಗೆ ಮುಗಿಯಿತು. ಲಾಭಕ್ಕಾಗಿ ಕಟ್ಟಿದ ವ್ಯಾಪಾರಿ ಸಂಸ್ಥೆಯೊಂದು ದೂರದ ನಾಡಿನ ಹಳೆಯ ಮನೆತನಗಳನ್ನೂ ಹಕ್ಕುಗಳನ್ನೂ ನಡವಳಿಕೆಗಳನ್ನೂ ಹೇಗೆ ಧೂಳೀಪಟ ಮಾಡಬಲ್ಲದು ಎಂಬುದೇ ಅವನ ದೂರಿನ ತಿರುಳು. ಅಂದರೆ ಮಾರುಕಟ್ಟೆಯನ್ನು ದೇವರ ನಿಯಮವೆಂದ ಟಿಪ್ಪಣಿಯೂ ಕಂಪನಿಯೊಂದರ ಹಣದಾಹದ ವಿರುದ್ಧದ ಆ ದೀರ್ಘ ಹೋರಾಟದ ಸೋಲೂ ಒಂದೇ ವರ್ಷಕ್ಕೆ ಸೇರಿದವು. ಎರಡು ಬಗೆಯ ಸಂಪ್ರದಾಯವಾದವನ್ನು ಹೋಲಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಕೋರ್ಸಿನಲ್ಲಿ ಹೇಸ್ಟಿಂಗ್ಸ್‌ನ ಹೆಸರು ಒಂದು ಸ್ಲೈಡಿನ ಮೂಲೆಯಲ್ಲಿ ಬಂದು ಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಪಾಠಗಳು ಗಟ್ಟಿಯಾಗಿವೆ. ಆಮದು ಧಾನ್ಯಕ್ಕೆ ತಡೆಯೊಡ್ಡಿ ಭೂಮಾಲೀಕರ ಆದಾಯವನ್ನು ಕಾಯುತ್ತಿದ್ದ 1815ರ ಧಾನ್ಯ ಕಾನೂನುಗಳನ್ನು 1846ರಲ್ಲಿ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ರಾಬರ್ಟ್ ಪೀಲ್ ರದ್ದುಮಾಡಿದಾಗ ಅವನದೇ ಪಕ್ಷದ ಬಹುಪಾಲು ಸದಸ್ಯರು ವಿರುದ್ಧ ಮತ ಹಾಕಿದರು. ಪಕ್ಷ ಒಡೆಯಿತು, ಮತ್ತೆ ಬಹುಮತದ ಸರ್ಕಾರ ರಚಿಸಲು ಕನ್ಸರ್ವೇಟಿವರು 1874ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದ ಡಿಸ್ರೇಲಿಯ ಸರ್ಕಾರ 1875ರಲ್ಲಿ ಕಾರ್ಮಿಕರ ವಸತಿ ಮತ್ತು ಸಾರ್ವಜನಿಕ ಆರೋಗ್ಯದ ಕಾಯ್ದೆಗಳನ್ನು ತಂದದ್ದನ್ನು ಅಧ್ಯಾಪಕರು ಹಳೆಯ ಸಂಪ್ರದಾಯವಾದದ ಕರುಣೆ ಎಂದು ಕೊಂಡಾಡುತ್ತಾರೆ. 1867ರಲ್ಲಿ ನಗರದ ಕೆಲಸಗಾರರಲ್ಲಿ ಅನೇಕರಿಗೆ ಮತದಾನದ ಹಕ್ಕು ಸಿಕ್ಕಿತ್ತು, ಅವರ ಮತ ಪಕ್ಷಕ್ಕೆ ಬೇಕಿತ್ತು ಎಂಬ ಮಾತನ್ನೂ ಜೊತೆಗೆ ಹೇಳಿದ್ದರೆ ಚಿತ್ರ ಇನ್ನಷ್ಟು ನಿಜವಾಗುತ್ತಿತ್ತು.

ಇಡೀ ಕೋರ್ಸಿನಲ್ಲಿ ನಾನು ಮತ್ತೆ ಹಾಕಿಕೊಂಡು ಕೇಳಿದ್ದು ಎಂಟನೆಯ ಉಪನ್ಯಾಸವನ್ನು. ಅದರ ವಿಷಯ ದೊಡ್ಡ ಸಿದ್ಧಾಂತವಲ್ಲ. ಭಾನುವಾರ ಅಂಗಡಿ ತೆರೆಯಬಹುದೇ ಎಂಬ ಪ್ರಶ್ನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1950ರ ಅಂಗಡಿ ಕಾಯ್ದೆಯ ಪ್ರಕಾರ ಭಾನುವಾರ ಬಹುತೇಕ ವ್ಯಾಪಾರ ನಿಷಿದ್ಧವಾಗಿತ್ತು. ವಿನಾಯಿತಿಗಳ ಪಟ್ಟಿ ಮಾತ್ರ ವಿಚಿತ್ರ: ಊಟ ತಿಂಡಿಗಳನ್ನು ಮಾರಬಹುದು, ಆದರೆ ಕರಿದ ಮೀನು ಮತ್ತು ಆಲೂಗಡ್ಡೆ ಚಿಪ್ಸನ್ನು ಅದಕ್ಕೆಂದೇ ಇರುವ ಅಂಗಡಿಯಲ್ಲಿ ಮಾರುವಂತಿಲ್ಲ. ಇಂಥ ಕಾನೂನನ್ನು ತೆಗೆದುಹಾಕುವ ಮಸೂದೆಯನ್ನು ಥ್ಯಾಚರ್ ಸರ್ಕಾರ 1986ರಲ್ಲಿ ತಂದಿತು. ಮಾರುವವನಿಗೂ ಕೊಳ್ಳುವವನಿಗೂ ಇಷ್ಟವಿರುವಾಗ ನಡುವೆ ಸರ್ಕಾರಕ್ಕೇನು ಕೆಲಸ ಎಂಬುದು ಅದರ ವಾದ. ಏಪ್ರಿಲ್ 14ರಂದು ಮಸೂದೆ 296–282 ಮತಗಳಿಂದ ಬಿದ್ದುಹೋಯಿತು. 72 ಕನ್ಸರ್ವೇಟಿವ್ ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ನಿಂತರು. ಚರ್ಚುಗಳು, ಅಂಗಡಿ ನೌಕರರ ಸಂಘ, ಲೇಬರ್ ಪಕ್ಷ ಮತ್ತು ಈ ಬಂಡಾಯಗಾರರು ಒಂದೇ ಸಾಲಿನಲ್ಲಿದ್ದರು.

ಅಧ್ಯಾಪಕಿ ಇಲ್ಲಿ ಅವಸರ ಮಾಡುವುದಿಲ್ಲ. ಬಂಡಾಯಗಾರರ ಮಾತನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುತ್ತಾರೆ: ಎಲ್ಲರೂ ಒಟ್ಟಿಗೆ ಬಿಡುವಾಗಿರುವ ದಿನವನ್ನು ಯಾರೊಬ್ಬರೂ ಅಂಗಡಿಯಿಂದ ಕೊಂಡು ತರಲಾರರು, ಪಕ್ಕದ ಅಂಗಡಿ ತೆರೆದರೆ ಮುಚ್ಚಬೇಕೆಂದಿದ್ದವನೂ ತೆರೆಯಲೇಬೇಕಾಗುತ್ತದೆ, ಹೀಗೆ ಒಬ್ಬೊಬ್ಬರ ಆಯ್ಕೆಗಳು ಕೂಡಿ, ಯಾರೂ ಆಯ್ದುಕೊಳ್ಳದ ಫಲಿತಾಂಶ ಬರುತ್ತದೆ. ಅನಂತರ ಸರ್ಕಾರದ ಪರವಾಗಿಯೂ ಅಷ್ಟೇ ಗಟ್ಟಿ ಸಂಗತಿಯನ್ನು ಮುಂದಿಡುತ್ತಾರೆ. ಸ್ಕಾಟ್‌ಲೆಂಡ್‌ಗೆ ಈ ಭಾನುವಾರದ ನಿರ್ಬಂಧ ಅನ್ವಯಿಸುತ್ತಲೇ ಇರಲಿಲ್ಲ. ಆದರೂ ಭಾನುವಾರದ ಆಚರಣೆಯಲ್ಲಿ ಅಲ್ಲಿನವರು ಇಂಗ್ಲೆಂಡಿನವರಿಗಿಂತ ಕಟ್ಟುನಿಟ್ಟಿನವರೆಂದು ಹೆಸರಾಗಿದ್ದರು. ಹಾಗಿದ್ದರೆ ನಡವಳಿಕೆಯನ್ನು ಉಳಿಸಲು ಕಾನೂನು ಬೇಕೇ, ಅಥವಾ ಕಾನೂನಿನ ಊರುಗೋಲು ಹಿಡಿದು ನಿಂತಿರುವ ನಡವಳಿಕೆ ಆಗಲೇ ಸತ್ತಿದೆಯೇ? ಈ ಪ್ರಶ್ನೆಯನ್ನು ಅವರು ನಮ್ಮ ಪಾಲಿಗೇ ಬಿಡುತ್ತಾರೆ. 1994ರ ಕಾಯ್ದೆ ಬ್ರಿಟಿಷರ ಶೈಲಿಗೆ ತಕ್ಕ ರಾಜಿ: ಸಣ್ಣ ಅಂಗಡಿಗಳಿಗೆ ತಡೆಯಿಲ್ಲ, 280 ಚದರ ಮೀಟರಿಗಿಂತ ದೊಡ್ಡವುಗಳಿಗೆ ಭಾನುವಾರ ಆರು ಗಂಟೆ ಮಾತ್ರ. ಮಾರುಕಟ್ಟೆಯೇ ಹಳೆಯದನ್ನು ಕೆಡವುತ್ತಿರುವಾಗ ಸಂಪ್ರದಾಯವಾದಿ ಯಾರ ಪಕ್ಷ ವಹಿಸಬೇಕು ಎಂಬ ಪ್ರಶ್ನೆ ಈ ಉಪನ್ಯಾಸದಲ್ಲಿ ತಿಳಿಯಾಗುವಷ್ಟು ಬೇರೆಲ್ಲೂ ಆಗುವುದಿಲ್ಲ.

ಮುಕ್ತ ಮಾರುಕಟ್ಟೆಯ ಪ್ರತಿಪಾದಕ, ಅರ್ಥಶಾಸ್ತ್ರಜ್ಞ ಹಯೆಕ್ ಕುರಿತ ಪಾಠ ಕೋರ್ಸಿನ ದುರ್ಬಲ ಕೊಂಡಿ. 1960ರಲ್ಲಿ ಹಯೆಕ್ ತಾವು ಸಂಪ್ರದಾಯವಾದಿಯಲ್ಲವೆಂದು ಬರೆದದ್ದನ್ನೇ ಅಧ್ಯಾಪಕರು ಪದೇ ಪದೇ ಉಲ್ಲೇಖಿಸಿ, ಅಲ್ಲಿಗೆ ಚರ್ಚೆ ಮುಗಿಯಿತೆಂಬಂತೆ ಮುಂದೆ ಸಾಗುತ್ತಾರೆ. ಅದೇ ಲೇಖನದಲ್ಲಿ ಹಯೆಕ್ ತಮ್ಮನ್ನು ಹಳೆಯ ವಿಗ್ (ಅರಸನ ಅಧಿಕಾರಕ್ಕೆ ಮಿತಿ ಬಯಸಿದ್ದ ಹಿಂದಿನ ಬ್ರಿಟಿಷ್ ಪಕ್ಷದವನು) ಎಂದು ಕರೆದುಕೊಂಡರು, ಬರ್ಕ್ ಕೂಡ ವಿಗ್ ಪಕ್ಷದವನೇ ಎಂಬುದು ಪಾಠದಲ್ಲಿ ಬರುವುದಿಲ್ಲ. ಯಾರೂ ಕುಳಿತು ರೂಪಿಸದೆ ತಲೆಮಾರುಗಳ ಅನುಭವದಿಂದ ಬೆಳೆದುಬಂದ ನಿಯಮಗಳಲ್ಲಿ ಒಬ್ಬ ಮನುಷ್ಯನ ಬುದ್ಧಿಗೆ ನಿಲುಕದ ವಿವೇಕ ಅಡಗಿದೆ ಎಂಬ ಹಯೆಕ್ ಅವರ ವಾದ ಬರ್ಕ್‌ನ ವಾದಕ್ಕೆ ತೀರ ಹತ್ತಿರದ್ದು. ಮಾರುಕಟ್ಟೆಯನ್ನೂ ಅವರು ಅಂಥ ಒಂದು ಪರಂಪರೆಯೆಂದೇ ಕಂಡರು. ಇಬ್ಬರೂ ಬೇರೆಯಾಗುವುದು ಆ ಬೆಳವಣಿಗೆ ಯಾವುದನ್ನಾದರೂ ಅಳಿಸಿಹಾಕಿದಾಗ: ಹಯೆಕ್ ಅದನ್ನು ಬಹುಮಟ್ಟಿಗೆ ಒಪ್ಪಿಕೊಳ್ಳುತ್ತಾರೆ, ಬರ್ಕ್‌ನ ಅನುಯಾಯಿ ಕಳೆದುಹೋದದ್ದರ ಲೆಕ್ಕ ಕೇಳುತ್ತಾನೆ. ಎಲ್ಲ ಯೋಜನೆಗಳನ್ನೂ ವಿರೋಧಿಸುವ ಯೋಜನೆ ಅದರ ಎದುರಾಳಿಗಿಂತ ಮೇಲಿರಬಹುದು, ಆದರೆ ಅದೂ ಅದೇ ಬಗೆಯ ರಾಜಕಾರಣ ಎಂದು ಬ್ರಿಟಿಷ್ ಚಿಂತಕ ಮೈಕೆಲ್ ಓಕ್‌ಶಾಟ್ ಹಯೆಕ್ ಅವರನ್ನು ಚುಚ್ಚಿದ್ದು ಇಲ್ಲಿ ಬರಬೇಕಿತ್ತು. ಅದು ಹನ್ನೊಂದನೆಯ ಉಪನ್ಯಾಸದ ಕೊನೆಯಲ್ಲಿ, ಸಂದರ್ಭವಿಲ್ಲದೆ ಬಂದಿದೆ.

ಅಮೆರಿಕಕ್ಕೆ ಮೀಸಲಾದ ಎರಡು ಉಪನ್ಯಾಸಗಳು ಓಟದ ಪಾಠಗಳು. 1955ರಲ್ಲಿ ಲೇಖಕ ವಿಲಿಯಂ ಬಕ್ಲಿ ಆರಂಭಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯ ಆಸರೆಯಲ್ಲಿ ಮಾರುಕಟ್ಟೆವಾದಿಗಳೂ ಸಂಪ್ರದಾಯಪ್ರಿಯರೂ ಒಂದಾದದ್ದು, ಕಮ್ಯುನಿಸಂ ಎಂಬ ಸಮಾನ ವೈರಿ ಅವರನ್ನು ಹಿಡಿದಿಟ್ಟದ್ದು ಸರಿಯಾಗಿಯೇ ಬಂದಿವೆ. ಸಂಪ್ರದಾಯಪ್ರಿಯ ಲೇಖಕ ರಸೆಲ್ ಕರ್ಕ್ ಮೋಟಾರು ಕಾರನ್ನೇ ಯಂತ್ರರೂಪದ ಕ್ರಾಂತಿಕಾರಿ ಎಂದು ಜರೆದ ಪ್ರಸಂಗವನ್ನು ಅಧ್ಯಾಪಕರು ನಗುವಿಗಾಗಿ ಬಳಸುತ್ತಾರೆ. ಊರುಗಳ ಆಕಾರವನ್ನೇ ಆ ಕಾರು ಬದಲಿಸಿತಲ್ಲ, ಕರ್ಕ್ ಹೇಳಿದ್ದರಲ್ಲಿ ನಗುವಂಥದ್ದೇನಿದೆ ಎಂದು ನನಗನ್ನಿಸಿತು.

ಇನ್ನು ಕೋರ್ಸಿನ ವ್ಯವಸ್ಥೆಯ ಮಾತು. ಧ್ವನಿ ಸ್ಪಷ್ಟವಾಗಿದೆ, ಉಪನ್ಯಾಸಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು, ಮೂಲ ಬರಹಗಳ ಆಯ್ದ ಭಾಗಗಳಿರುವ ಪಿಡಿಎಫ್ ಅಚ್ಚುಕಟ್ಟಾಗಿದೆ. ಕೆಟ್ಟಿರುವುದು ಕ್ವಿಜ್. ಸಮಾಜ ಎಂಬುದೇ ಇಲ್ಲ ಎಂದವರು ಯಾರು ಎಂಬ ಪ್ರಶ್ನೆಗೆ ಥ್ಯಾಚರ್ ಎಂದು ಗುರುತು ಹಾಕಿದರೆ ಹಸಿರು ಬಣ್ಣ ಬಂದು ಅಂಕ ಸಿಗುತ್ತದೆ. ಹಾಗೆಂದ 1987ರ ಸಂದರ್ಶನದಲ್ಲಿ ಅವರು ಮುಂದುವರಿದು, ಇರುವುದು ವ್ಯಕ್ತಿಗಳು ಮತ್ತು ಕುಟುಂಬಗಳು, ನಮ್ಮನ್ನು ನಾವು ನೋಡಿಕೊಂಡು ನೆರೆಯವರನ್ನೂ ನೋಡಿಕೊಳ್ಳುವುದು ನಮ್ಮ ಕರ್ತವ್ಯ ಎಂಬರ್ಥದ ಮಾತನ್ನೂ ಆಡಿದ್ದರು. ಕುಟುಂಬ ಮತ್ತು ನೆರೆಹೊರೆಯನ್ನು ಹೆಸರಿಸಿ, ಚರ್ಚು, ಸಂಘ, ಊರುಗಳನ್ನು ಹೆಸರಿಸದೆ ಬಿಟ್ಟ ಆ ಪೂರ್ಣ ಉತ್ತರವನ್ನು ಕೊಟ್ಟು, ಇದರಲ್ಲಿ ಬರ್ಕ್ ಎಷ್ಟು, ಮಾರುಕಟ್ಟೆ ಎಷ್ಟು ಎಂದು ಕೇಳಿದ್ದರೆ ಅದು ಪ್ರಶ್ನೆಯಾಗುತ್ತಿತ್ತು. ಚರ್ಚಾ ವಿಭಾಗದಲ್ಲಿ ಕೇಳಿದ ಸಂದೇಹಗಳಿಗೆ ಅಧ್ಯಾಪಕರು ಉತ್ತರಿಸುವುದಿಲ್ಲ; ಸಹಾಯಕರು ಪಿಡಿಎಫ್‌ನ ಪುಟಸಂಖ್ಯೆಯನ್ನು ಬರೆದು ಸುಮ್ಮನಾಗುತ್ತಾರೆ.

ಕೋರ್ಸು 1994ಕ್ಕೆ ನಿಲ್ಲುವುದೂ ಒಂದು ಕೊರತೆಯೇ. 2016ರ ಮಾರ್ಚ್‌ನಲ್ಲಿ ಕ್ಯಾಮರನ್ ಸರ್ಕಾರ ಭಾನುವಾರದ ಸಮಯವನ್ನು ಸಡಿಲಿಸುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಡಲು ಹೊರಟು, ಮತ್ತೆ ಸ್ವಪಕ್ಷೀಯರ ಬಂಡಾಯದಿಂದಾಗಿ 317–286 ಮತಗಳಿಂದ ಸೋತಿತು. ಮುಂದಿನ ಆವೃತ್ತಿಯಲ್ಲಿ ಎಂಟನೆಯ ಉಪನ್ಯಾಸಕ್ಕೆ ಇದನ್ನು ಸೇರಿಸಿ, ಕ್ವಿಜ್‌ಗಳನ್ನು ಹೊಸದಾಗಿ ಬರೆಸಿದರೆ ಒಳಿತು. ಅಲ್ಲಿಯವರೆಗೆ ಸೇರುವವರು ಎರಡು, ನಾಲ್ಕು, ಎಂಟನೆಯ ಉಪನ್ಯಾಸಗಳನ್ನು ಮೊದಲು ಕೇಳಿ, ಒಂದನೆಯದನ್ನು ಆಮೇಲೆ ಕೇಳುವುದು ವಾಸಿ. ಹಣ ಕಟ್ಟುವ ಮುನ್ನ ಉಚಿತವಾಗಿ ಕೇಳಲು ಸಿಗುವುದು ಆ ಒಂದನೆಯದು ಮಾತ್ರ. ಅದನ್ನಷ್ಟೇ ಕೇಳಿ ಕೋರ್ಸನ್ನು ಅಳೆಯಬೇಡಿ.