ಒಂದೇ ತಂಬುಳಿ, ಐದು ಥರದ ಟೈಪಿಂಗ್

ಅಮ್ಮನ ಅಡುಗೆಗಳನ್ನೆಲ್ಲ ನೆಟ್‌ನಲ್ಲಿ ಕನ್ನಡದಲ್ಲೇ ಬರೆದಿಡಬೇಕು ಅಂತ ಈ ಮಳೆಗಾಲದಲ್ಲಿ ಶುರು ಮಾಡಿದೆ. ಮೊದಲು ಒಂದೆಲಗದ ತಂಬುಳಿ. ಬರೀ ಹನ್ನೆರಡು ಸಾಲು. ಮುಗಿಸಿ ಓದಿದರೆ ಒಂದು ಕಡೆ ‘ತಂಬುಲಿ’ ಅಂತಿತ್ತು, ಇನ್ನೊಂದು ಕಡೆ ‘ಮಜ್ಜಿಗೆ ಹುಲಿ’. ನಿಜಕ್ಕೂ ಬೇಜಾರಾಯಿತು. ಅದೇ ಹನ್ನೆರಡು ಸಾಲನ್ನು ಬೇರೆ ಬೇರೆ ರೀತಿಯಲ್ಲಿ ಟೈಪ್ ಮಾಡಿ ನೋಡೋಣ ಅಂತ ಕೂತೆ. ಒಂದೂವರೆ ತಿಂಗಳು ಹಿಡಿಯಿತು.

ಆ ಮೊದಲ ಸಲ ಬಳಸಿದ್ದು ಫೋನಿನ ಕೀಲಿಮಣೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಅದೇ ಊಹಿಸಿ ಕನ್ನಡ ಪದ ಕೊಡುತ್ತದೆ. ಕಲಿಯುವುದು ಏನೂ ಇಲ್ಲ, ಕೈಗೆತ್ತಿಕೊಂಡ ಕೂಡಲೇ ಬರೆಯಬಹುದು. ‘ಊಟ ಆಯ್ತಾ’ ಅಂತ ಮೆಸೇಜ್ ಕಳಿಸಲು ಇದಕ್ಕಿಂತ ಸುಲಭದ್ದು ಇಲ್ಲ. ತೊಂದರೆ ಬರುವುದು ಲ ಮತ್ತು ಳ, ನ ಮತ್ತು ಣ, ದ ಮತ್ತು ಡ ಹತ್ತಿರ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಅಕ್ಷರ ಇಲ್ಲವಲ್ಲ. ಹಲ್ಲಿಯೋ ಹಳ್ಳಿಯೋ ಅಂತ ಯಂತ್ರವೇ ತೀರ್ಮಾನ ಮಾಡಬೇಕು. ಅದು ಎಲ್ಲರೂ ಹೆಚ್ಚು ಬಳಸುವ ಪದವನ್ನೇ ಮುಂದೆ ತಂದು ಇಡುತ್ತದೆ. ನನಗೆ ಬೇಕಾಗಿದ್ದು ಒಂದೆಲಗ, ಕೆಸು, ಅಮಟೆಕಾಯಿಯಂಥ ಪದಗಳು. ಮನೆಯಲ್ಲಿ ದಿನಾ ಆಡುವ, ಪರದೆಯ ಮೇಲೆ ಅಪರೂಪಕ್ಕೆ ಕಾಣುವ ಪದಗಳು. ಸರಿಯಾಗಿ ಅವುಗಳಲ್ಲೇ ಅದು ಎಡವುತ್ತಿತ್ತು. ತಪ್ಪು ಉಳಿದುಬಿಟ್ಟರೆ ಮುಂದೆ ‘ತಂಬುಳಿ’ ಅಂತ ಹುಡುಕಿದಾಗ ನನ್ನ ಪುಟದಲ್ಲೇ ನನಗೆ ಅದು ಸಿಗುವುದಿಲ್ಲ.

ಊಹೆ ಮಾಡದ ಲಿಪ್ಯಂತರವೂ ಇದೆ, ಅಂದರೆ ಒತ್ತಿದ ಇಂಗ್ಲಿಷ್ ಅಕ್ಷರವನ್ನು ಹಾಗೆಯೇ ಕನ್ನಡಕ್ಕೆ ಬದಲಿಸುವುದು. ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಜಾಗದಲ್ಲೇ ಸಿಗುತ್ತದೆ. ಕಂಟ್ರೋಲ್ ಮತ್ತು ಎಮ್ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಸಣ್ಣ ಎಲ್‌ಗೆ ಲ, ದೊಡ್ಡ ಎಲ್‌ಗೆ ಳ. ನಾನು ಒತ್ತಿದ್ದೇ ಬರುತ್ತದೆ ಅನ್ನುವ ನೆಮ್ಮದಿ ಇದೆ. ಆದರೆ ಪ್ರತಿ ಅಕ್ಷರದ ನಂತರ ‘ಎ’ ಒತ್ತಿ ಒತ್ತಿ ಬೆರಳು ದಣಿಯುತ್ತದೆ.

ದನಿ ಟೈಪಿಂಗ್ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಅಮ್ಮ ಹೇಳುತ್ತಾ ಹೋಗಲಿ, ಫೋನೇ ಬರೆದುಕೊಳ್ಳಲಿ ಅಂತ. ನಾನು ನಿಧಾನವಾಗಿ, ಪುಸ್ತಕ ಓದುವ ಹಾಗೆ ಹೇಳಿದಾಗ ಚೆನ್ನಾಗಿಯೇ ಬಂತು. ಹುಳಿ ಹುಳಿಯಾಗಿಯೇ ಉಳಿಯಿತು, ಯಾಕೆಂದರೆ ಬಾಯಲ್ಲಿ ಲ ಬೇರೆ, ಳ ಬೇರೆ. ಅಮ್ಮ ಅಡುಗೆಮನೆಯಲ್ಲಿ ನಿಂತು ತನ್ನ ಮಾತಿನಲ್ಲಿ ಹೇಳಿದಾಗ ಅರ್ಧಕ್ಕರ್ಧ ತಪ್ಪು. ‘ಕಾಯಿ ತುರ್ದು ಹಾಕ್ಬಿಟ್ಟು’ ಅನ್ನುವುದು ಅದಕ್ಕೆ ತಿಳಿಯಲೇ ಇಲ್ಲ. ಎರಡು ಸಲ ಹೇಳಿ, ಮೂರನೇ ಸಲ ಅಮ್ಮ ‘ನಾ ಹೇಳಿದ್ದು ಸರಿ ಇಲ್ವಾ?’ ಅಂತ ಕೇಳಿದರು. ಅಲ್ಲಿಗೆ ನಿಲ್ಲಿಸಿದೆ.

ಇನ್‌ಸ್ಕ್ರಿಪ್ಟ್ ಅನ್ನುವುದು ಭಾರತದ ಭಾಷೆಗಳಿಗಾಗಿ ಮಾಡಿದ ಕೀಲಿಮಣೆ ವಿನ್ಯಾಸ. ಅದರ ಜೊತೆ ಇದ್ದದ್ದು ನಾಲ್ಕೇ ದಿನ. ವಿಂಡೋಸ್‌ನಲ್ಲಿ ಮೊದಲೇ ಇರುತ್ತದೆ. ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಹಿಂದಿಯ ಕ, ತೆಲುಗಿನ ಕ, ನಮ್ಮ ಕ ಎಲ್ಲ ಒಂದೇ ಕೀಲಿಯಲ್ಲಿ. ಎರಡು ಮೂರು ಭಾಷೆ ಟೈಪ್ ಮಾಡುವವರಿಗೆ ಒಳ್ಳೆಯದು. ಎಲ್ ಒತ್ತಿದರೆ ತ, ಎಮ್ ಒತ್ತಿದರೆ ಸ ಬರುವುದಕ್ಕೆ ನನ್ನ ಕೈ ಒಗ್ಗಲಿಲ್ಲ.

ಕೊನೆಗೆ ಕಗಪ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅನ್ನುವ ಕನ್ನಡ ಬರೆಯುವ ತಂತ್ರಾಂಶದಲ್ಲಿ ಇರುವುದು. ಇದರಲ್ಲಿ ವ್ಯಂಜನಕ್ಕೆ ಅ ಸೇರಿಕೊಂಡೇ ಇರುತ್ತದೆ, ನಾವು ಅಕ್ಷರ ಕಲಿತ ಹಾಗೆಯೇ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ‘ಕನ್ನಡ’ ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಲಿಪ್ಯಂತರದಲ್ಲಿ ಏಳು, ಮೇಲೆ ಶಿಫ್ಟ್ ಬೇರೆ. ಡಕ್ಕೆ ಡಬ್ಲ್ಯೂ, ಟಕ್ಕೆ ಕ್ಯೂ, ಷಕ್ಕೆ ಎಕ್ಸ್ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಮೊದಲ ದಿನ ನನ್ನ ಹನ್ನೆರಡು ಸಾಲಿಗೆ 40 ನಿಮಿಷ ಬೇಕಾಯಿತು. ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚಿದೆ. ಮೂರನೇ ವಾರದಲ್ಲಿ 9 ನಿಮಿಷ. ತಿದ್ದುವುದಕ್ಕೆ ಏನೂ ಇರಲಿಲ್ಲ! ಒಗ್ಗರಣೆ ಅನ್ನುವ ಪದ ಮನಸ್ಸಿನಲ್ಲಿ ಬಂದ ಹಾಗೆಯೇ ಬೆರಳಿಗೆ ಬಂದ ದಿನ ಆದ ಖುಷಿ ಹೇಳತೀರದು. ಕಂಪ್ಯೂಟರಿನಲ್ಲಿ ಜಾಸ್ತಿ ಬರೆಯುವವರು ಮೂರು ವಾರ ಕಷ್ಟಪಟ್ಟು ಇದನ್ನು ಕಲಿಯಲೇಬೇಕು ಅಂತ ನಾನು ಹೇಳುತ್ತೇನೆ.

ಅಮ್ಮನಿಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ. ಅವರಿಗೆ ಸರಿಹೋದದ್ದು ಫೋನಿನ ಪರದೆ ಮೇಲೆ ಬೆರಳಲ್ಲಿ ಬರೆಯುವುದು. ನಿಧಾನ, ನಿಜ. ಒತ್ತಕ್ಷರ ಬರೆಯುವಾಗ ಸ್ವಲ್ಪ ತಡ ಮಾಡಿದರೂ ಕೆಳಗಿನ ಒತ್ತು ಬೇರೆ ಅಕ್ಷರವಾಗಿಬಿಡುತ್ತದೆ. ಆದರೆ ಶಾಲೆಯಲ್ಲಿ ಸ್ಲೇಟಿನ ಮೇಲೆ ಕಲಿತ ಅಕ್ಷರವನ್ನೇ ಅವರು ಬರೆಯುತ್ತಾರೆ. ಇಂಗ್ಲಿಷ್ ಅಕ್ಷರ ಹುಡುಕುವ ಕೆಲಸವೇ ಇಲ್ಲ. ಈಗ ಅವರೇ ಒಂದೊಂದು ಸಾಲು ಕಳಿಸುತ್ತಾರೆ, ನಾನು ಕಗಪದಲ್ಲಿ ಉಳಿದದ್ದನ್ನು ಸೇರಿಸುತ್ತೇನೆ. ನಿನ್ನೆ ಬಂದದ್ದು: ‘ಜೀರಿಗೆ ಮೆಣಸು ತುಪ್ಪದಲ್ಲಿ ಹುರಿ, ಎಣ್ಣೆಯಲ್ಲಿ ಅಲ್ಲ’. ಲ, ಣ, ಎಲ್ಲ ಸರಿಯಾಗಿತ್ತು.