ಟೆರೇಸ್ ಮೇಲೆ ಶೀಟ್ ಹಾಕಿಸೋರೇ, ಸ್ಕ್ವೇರ್ ಫೂಟ್ ರೇಟ್ ನೋಡಿ ಕೆಲಸ ಕೊಡಬೇಡಿ

ದಾವಣಗೆರೆಯಲ್ಲಿ ಮನೆ ಮೇಲೆ ಕಲರ್ ಶೀಟ್ ಹಾಕಿಸೋಕೆ ಹೊರಟಿದ್ದೀರಾ? ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ. ಕೊಟ್ಟ ಮೇಲೆ ಓದಿ ಪ್ರಯೋಜನ ಇಲ್ಲ. ಮೂರು ಕೊಟೇಶನ್ ತಗೊಂಡು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿಯೂ ಮೋಸ ಹೋಗಿದ್ದೀನಿ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದ್ದೀನಿ.

ಜಾಗ 30 ಅಡಿ ಅಗಲ, ಇಳಿಜಾರಿನ ಉದ್ದ 22 ಅಡಿ. ಸ್ಕ್ವೇರ್ ಫೂಟಿಗೆ ಒಬ್ಬರು 235 ಅಂದ್ರು, ಇನ್ನೊಬ್ಬರು 210, ಮೂರನೆಯವನು 165. 210ರವರು ಎಲ್ಲಾ ಬರೆದು ಕೊಟ್ಟಿದ್ರು: ಮುಚ್ಚೋ ಜಾಗ 660 ಸ್ಕ್ವೇರ್ ಫೂಟ್, ಶೀಟ್ 0.50 ಎಂ.ಎಂ, 2 ಎಂ.ಎಂ ದಪ್ಪದ ಕಬ್ಬಿಣದ ಪೈಪು, 4 ಅಡಿಯೊಳಗೆ ಒಂದು ಪರ್ಲಿನ್ (ಶೀಟನ್ನ ಹೊರೋಕೆ ಅಡ್ಡ ಹಾಕೋ ಪೈಪು), ಮಳೆ ನೀರು ಹರಿದು ಹೋಗೋ ದೋಣಿ ಸೇರಿ. 165ರವನದ್ದು ಒಂದೇ ಸಾಲು, "ಕಲರ್ ಶೀಟ್, ಎಂ.ಎಸ್ ಪೈಪ್, ಕೂಲಿ ಸೇರಿ". ದಪ್ಪ ಎಷ್ಟು ಅಂತ ಕೇಳಿದ್ದಕ್ಕೆ, "0.50ನೇ ಸಾರ್, ನಾವು ಎಲ್ಲಾ ಕಡೆ ಅದೇ ಹಾಕೋದು" ಅಂದ. ಬಾಯಿಮಾತು. ಬರೆಸ್ಕೊಳ್ಳದೆ ಅವನಿಗೇ ಕೆಲಸ ಕೊಟ್ಟೆ. ತಪ್ಪಾಗಿದ್ದೇ ಅಲ್ಲಿ.

ಕೆಲಸ ಮುಗಿದ ಮೇಲೆ ಬಿಲ್ ಬಂತು, 770 ಅಡಿಗೆ. 660 ಎಲ್ಲಿ, 770 ಎಲ್ಲಿ! ಶೀಟು ಮೂರೂವರೆ ಅಡಿ ಅಗಲ ಇದ್ರೂ ಒಂದರ ಮೇಲೊಂದು ಹತ್ತಿಸಿ ಕೂರಿಸಿದಾಗ ಮುಚ್ಚೋದು ಸುಮಾರು 3.3 ಅಡಿ ಮಾತ್ರ. ಅವನು ಮುಚ್ಚಿದ ಜಾಗ ಅಳೀಲಿಲ್ಲ, ತಂದ ಶೀಟನ್ನ ಅಳೆದ. 10 ಶೀಟು, ಮೂರೂವರೆ ಅಡಿ, 22 ಅಡಿ. 165ರ ಲೆಕ್ಕಕ್ಕೆ 1,27,050. ದೋಣಿ ಬೇರೆ, 30 ಅಡಿಗೆ 7,500. ಸಾಮಾನು ಮೇಲೆ ಎತ್ತಿಸಿದ್ದಕ್ಕೆ 4,000. ಒಟ್ಟು 1,38,550. 210ರವರ ಲೆಕ್ಕ ಎಷ್ಟಿತ್ತು ಗೊತ್ತಾ? 1,38,600. ಐವತ್ತು ರೂಪಾಯಿ. ಐವತ್ತೇ ರೂಪಾಯಿ ಉಳಿಸೋಕೆ ಅವರನ್ನ ಬಿಟ್ಟಿದ್ದು.

ದುಡ್ಡು ಹೋಗ್ಲಿ, ಮಾಲಾದ್ರೂ ಸರಿ ಇತ್ತಾ? ಶೀಟಿನ ಮೇಲೆ ಹೆಬ್ಬೆರಳು ಒತ್ತಿದ್ರೆ ತಗಡಿನ ಡಬ್ಬದ ಮುಚ್ಚಳದ ಥರ ಡಬ್ ಅಂತ ಒಳಗೆ ಹೋಗಿ ವಾಪಸ್ ಬರ್ತಿತ್ತು. ಕತ್ತರಿಸಿ ಬಿಸಾಕಿದ್ದ ಗೇಣುದ್ದದ ತುಂಡೊಂದು ಮೂಲೆಯಲ್ಲಿತ್ತು. ಅದನ್ನ ಲೇತ್ ಶಾಪಿಗೆ ತಗೊಂಡು ಹೋಗಿ ದಪ್ಪ ಅಳೆಯೋ ಮೈಕ್ರೋಮೀಟರಿಗೆ ಹಿಡಿಸಿದೆ. 0.36. ಇನ್ನೊಂದು ಮೂಲೆ ಹಿಡಿಸಿದೆ. 0.36. ಲೇತ್‌ನವರು ಮಾತಾಡದೆ ತುಂಡನ್ನ ಕೈಗೆ ಕೊಟ್ರು.

ಫೋನ್ ಮಾಡಿದ್ರೆ ಮೊದಲು ಬಂದ ಉತ್ತರ: "ಸಾರ್, 0.50 ಅಂದ್ರೆ ಬಣ್ಣ, ಕೋಟಿಂಗ್ ಎಲ್ಲಾ ಸೇರಿ." ಸ್ವಾಮಿ, ಮೈಕ್ರೋಮೀಟರ್ ಹಿಡಿದಿದ್ದೇ ಬಣ್ಣದ ಮೇಲೆ, ಎಲ್ಲಾ ಸೇರಿಯೇ 0.36 ಬಂದಿದ್ದು. ಅದನ್ನ ಹೇಳಿದ್ದಕ್ಕೆ, "ನೀವು ಕೊಟ್ಟ ರೇಟಿಗೆ ಇನ್ನೇನು ಬರುತ್ತೆ ಸಾರ್?" ರೇಟು ಹೇಳಿದ್ದು ನಾನಾ, ಅವನಾ? ಕೊನೆಗೆ, "ಕೊಟೇಶನ್‌ನಲ್ಲಿ 0.50 ಅಂತ ಎಲ್ಲಿ ಬರ್ದಿದೆ ತೋರ್ಸಿ." ಅಲ್ಲಿಗೆ ಮುಗೀತು. ತೋರಿಸೋಕೆ ಏನೂ ಇರ್ಲಿಲ್ಲ. ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಮೇಲೆ ಅಂದಿದ್ದಕ್ಕೆ ಅದನ್ನೂ ಬಿಟ್ಟಿದ್ದೆ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. 22 ಅಡಿಗೆ 7 ಸಾಲು ಪರ್ಲಿನ್ ಬೇಕಿತ್ತು, ಹಾಕಿದ್ದು 5, ಅಂದ್ರೆ ಐದೂವರೆ ಅಡಿಗೊಂದು. ತೆಳ್ಳಗಿನ ಶೀಟು ಮಧ್ಯದಲ್ಲಿ ಜೋತು ಬಿದ್ದಿದೆ. ಆ 22 ಅಡಿ ಉದ್ದಕ್ಕೆ ಇಳಿಜಾರು 2 ಅಡಿಯಾದ್ರೂ ಬೇಕು, ಕೊಟ್ಟಿದ್ದು 9 ಇಂಚು. ನೀರು ಓಡಲ್ಲ, ಗಾಳಿ ಬೀಸಿದಾಗ ಶೀಟು ಶೀಟು ಕೂಡೋ ಕಡೆ ಒಳಗೆ ನುಗ್ಗುತ್ತೆ. ಸ್ಕ್ರೂನ ಕೆಲವು ಕಡೆ ಎಷ್ಟು ಬಿಗಿದಿದ್ದಾರೆ ಅಂದ್ರೆ ರಬ್ಬರ್ ವಾಷರ್ ಒಡೆದು ಆಚೆ ಬಂದಿದೆ, ಅಲ್ಲೆಲ್ಲಾ ತೊಟ್ಟಿಕ್ಕುತ್ತೆ. ಡ್ರಿಲ್ ಪುಡಿ ಗುಡಿಸದೆ ಬಿಟ್ಟಿದ್ರು, ಬಿದ್ದಲ್ಲೆಲ್ಲಾ ತುಕ್ಕಿನ ಚುಕ್ಕೆ. ಇದೆಲ್ಲಕ್ಕಿಂತ ಭಯ ಆಗೋದು ಕಂಬದ ಬುಡ ನೋಡಿದ್ರೆ. ಪ್ಲೇಟಿಗೆ 4 ಬೋಲ್ಟ್ ಬೇಕಾದ ಕಡೆ ಎರಡೇ. ನಮ್ಮ ಕಡೆ ಏಪ್ರಿಲ್, ಮೇ ಸಂಜೆ ಗಾಳಿ ಹೇಗಿರುತ್ತೆ ಅಂತ ಗೊತ್ತಲ್ಲ. ಸುತ್ತ ಗೋಡೆ ಇಲ್ಲದ ಶೀಟಿನ ಅಡಿ ಗಾಳಿ ಹೊಕ್ರೆ ಎತ್ತೋದು ಮೇಲಕ್ಕೇ. ಚಿತ್ರದುರ್ಗದವರಿಗಂತೂ, ಗುಡ್ಡದ ಮೇಲೆ ಗಾಳಿಯಂತ್ರ ನೋಡ್ಕೊಂಡು ಬದುಕೋರಿಗೆ, ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕೊಟೇಶನ್‌ನಲ್ಲಿ ಶೀಟಿನ ಕಂಪನಿ, ದಪ್ಪ, ಪೈಪಿನ ದಪ್ಪ, ಪರ್ಲಿನ್ ಅಂತರ, ಇಳಿಜಾರು, ಅಳತೆ ಮುಚ್ಚಿದ ಜಾಗಕ್ಕೋ ಶೀಟಿಗೋ, ಇಷ್ಟೂ ಬರೆಯದವನಿಗೆ ಒಂದು ರೂಪಾಯಿ ಕೊಡಬೇಡಿ. ಮಾಲು ಬಂದ ದಿನ ತೂಗಿಸಿ. 22 ಅಡಿಯ 0.50 ಶೀಟು ಒಂದೊಂದೂ ಸುಮಾರು 29 ಕೆ.ಜಿ, 0.35 ಆದ್ರೆ ಸುಮಾರು 20. 2 ಇಂಚಿನ ಚೌಕ ಪೈಪು, 20 ಅಡಿಯದ್ದು, 2 ಎಂ.ಎಂ ಇದ್ರೆ ಹದಿನೇಳೂವರೆ ಕೆ.ಜಿ ಆಸುಪಾಸು, 1.2 ಇದ್ರೆ 11. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ತಕ್ಕಡಿಯಲ್ಲಿ ಗೊತ್ತಾಗುತ್ತೆ. ತೂಕ ಬರದಿದ್ರೆ ಗಾಡಿಯಿಂದ ಇಳಿಸೋಕೇ ಬಿಡಬೇಡಿ. ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್ ಕೇಳಿದ್ರೆ ಬೇರೆಯವರನ್ನ ನೋಡ್ಕೊಳ್ಳಿ. ಮತ್ತೆ, ಕತ್ತರಿಸಿ ಉಳಿದ ತುಂಡುಗಳನ್ನ ಅವರು ಗುಜರಿಗೆ ಅಂತ ಚೀಲಕ್ಕೆ ತುಂಬ್ಕೋತಾರೆ, ಒಂದನ್ನಾದ್ರೂ ತೆಗೆದಿಟ್ಕೊಳ್ಳಿ.